ಹದಿನೇಳು ನಂಬರಿನ ಬೆಸುಗೆ

ಆ ಬೆಸುಗೆ ನನ್ನದು.

ಇಷ್ಟು ಸಣ್ಣ ಮಾತನ್ನು ನಾನು ಮುಂದೂಡುತ್ತಲೇ ಬಂದೆ. ರಜೆಯಲ್ಲಿ ಊರಿಗೆ ಹೋದಾಗ ಹೇಳೋಣ ಎಂದುಕೊಂಡೆ. ಊರಿಗೆ ಹೋದಾಗ, ಮಗಳ ಮದುವೆಯೊಂದು ಮುಗಿಯಲಿ ಎಂದೆ. ಮದುವೆ ಮುಗಿದಾಗ, ಕೆಲಸ ಬಿಟ್ಟ ಮೇಲೆ ಯಾರ ಹೆದರಿಕೆ, ಆಗ ಹೇಳಿದರಾಯಿತು ಎಂದೆ. ಕೆಲಸವನ್ನೂ ಬಿಟ್ಟೆ. ಹೆದರಿಕೆ ಹೋಗಲಿಲ್ಲ — ನಾನು ಹೆದರುತ್ತಿದ್ದುದು ಕಂಪನಿಗೆ ಅಲ್ಲವೇ ಅಲ್ಲ ಎಂದು ಆಗ ತಿಳಿಯಿತು. ಈಗ ಒಮಾನಿನ ಅಲ್ ಅಮೇರಾತ್‌ನಲ್ಲಿ ಮಗಳ ಮನೆಯಲ್ಲಿ, ಮರವಿಲ್ಲದ ಕಂದು ಗುಡ್ಡಗಳಿಗೆ ಮುಖ ಮಾಡಿ ಕೂತು ಬರೆಯುತ್ತಿದ್ದೇನೆ. ಕೇಳಬೇಕಾಗಿದ್ದವನು ಈಗ ಇಲ್ಲ. ಇಲ್ಲದವನಿಗೆ ಹೇಳುವುದು ಸುಲಭ ಎಂದು ನೀವು ಅನ್ನಬಹುದು.

ನಾನು ವೆಲ್ಡರ್. ಬಂಟ್ವಾಳದ ಕಡೆಯವನು. ಹತ್ತನೆಯ ತರಗತಿ ಮುಗಿಸಿ, ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಗೇಟು ಗ್ರಿಲ್ಲು ಮಾಡುತ್ತಾ ಕೈ ಕುದುರಿಸಿಕೊಂಡು ಒಮಾನಿಗೆ ಬಂದೆ. ಸೀಬ್‌ನ ಆಚೆಗೆ, ಸಮುದ್ರದ ಗಾಳಿ ತಾಗುವ ಒಂದು ಯಾರ್ಡಿನಲ್ಲಿ ಕೆಲಸ. ಅಲ್ಲಿ ನಾವು ಕಂಟೇನರ್ ಮಾಡುತ್ತಿದ್ದೆವು. ಬಂದರಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ನೀವು ನೋಡಿರುತ್ತೀರಿ — ಅಂಥವಲ್ಲ. ನಡುಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳಿಗೆ ಸಾಮಾನು ಒಯ್ಯುವಂಥವು. ಗಿಡ್ಡ, ದಪ್ಪ ಚೌಕಟ್ಟಿನವು. ಬಂದರಿನ ನೆಲ ಅಲ್ಲಾಡುವುದಿಲ್ಲ. ಸಮುದ್ರದಲ್ಲಿ ಹಡಗು ಅಲೆಯ ಜೊತೆ ಏಳುತ್ತದೆ, ಬೀಳುತ್ತದೆ; ಅದು ಕೆಳಗೆ ಜಾರುವ ಗಳಿಗೆಯಲ್ಲೇ ಮೇಲಿನಿಂದ ಕ್ರೇನ್ ಜಗ್ಗುತ್ತದೆ. ಆ ಜಗ್ಗನ್ನೆಲ್ಲ ತಾಳಿಕೊಳ್ಳಬೇಕಾದ್ದು ಮೂಲೆಗಳಲ್ಲಿ ಬೆಸೆದ, ಕೊಂಡಿ ಹಾಕಲು ತೂತಿರುವ ನಾಲ್ಕು ದಪ್ಪ ಕಬ್ಬಿಣದ ತುಂಡುಗಳು. ನಾವು ಅದನ್ನು ಕಿವಿ ಎನ್ನುತ್ತಿದ್ದೆವು. ಕೆಳಗೆ ಜನ ನಿಂತಿರುತ್ತಾರೆ. ಕಿವಿ ಕಿತ್ತು ಬಂದರೆ — ಮುಂದಿನದನ್ನು ಹೇಳಬೇಕಾಗಿಲ್ಲ.

ಹಾಗಾಗಿ ಕಿವಿ ಬೆಸೆಯುವುದು ಎಲ್ಲರಿಗೂ ಬಿಟ್ಟ ಕೆಲಸವಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಇತ್ತು. ಪಾಸಾದವನಿಗೆ ಒಂದು ನಂಬರ್. ಬೆಸೆದು ಮುಗಿಸಿದ ಮೇಲೆ ಅವನು ಉಕ್ಕಿನ ಅಚ್ಚನ್ನು ಅಲ್ಲೇ ಪಕ್ಕದಲ್ಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಬಣ್ಣ ಹೊಡೆದರೂ ಆ ಅಂಕೆ ಉಳಿಯುತ್ತದೆ. ನನ್ನ ಮಾತು ಕೇಳಬೇಕಾಗಿದ್ದವನದು ಹದಿನೇಳು.

ಅವನು ಉಪ್ಪಿನಂಗಡಿಯ ಕಡೆಯ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ. ಒಂದೇ ಕ್ಯಾಂಪು, ಒಂದೇ ಕೋಣೆ. ನನ್ನ ಮಂಚ ಕೆಳಗೆ, ಅವನದು ಮೇಲೆ. ನನಗಿಂತ ಸ್ವಲ್ಪ ಚಿಕ್ಕವನು. ನಮ್ಮ ಮಾತು ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಹೆಸರು ಬರೆಯಬೇಕು. ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ.

ಯಾರ್ಡಿನಲ್ಲಿ ಒಂದು ರೂಢಿ ಇತ್ತು. ಯಾರು ಶುರು ಮಾಡಿದರೋ ತಿಳಿಯದು, ನಾನು ಬರುವ ಮೊದಲೇ ಇತ್ತು. ರಮ್ಜಾನ್ ತಿಂಗಳಲ್ಲಿ ನೋಂಬು ಹಿಡಿದವರು ಬೇಗ ಕೆಲಸ ಬಿಟ್ಟು ಹೋಗುತ್ತಿದ್ದರು. ಅದು ಇಲ್ಲಿಯ ಕಾನೂನು. ಆದರೆ ತಿಂಗಳ ಕೊನೆಗೆ ಯಾರ ಲೆಕ್ಕದಲ್ಲಿ ಎಷ್ಟು ಕೆಲಸ ಎಂದು ಮ್ಯಾನೇಜರ್ ನೋಡುವಾಗ ರಮ್ಜಾನ್ ಎಂದು ರಿಯಾಯಿತಿ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ರಮ್ಜಾನ್ ಬಂದರೆ ಆ ಬಿಸಿಲಲ್ಲಿ ಒಂದು ಹನಿ ನೀರಿಲ್ಲದೆ ಬೆಂಕಿಯ ಮುಂದೆ ಕೂರುವುದು... ಹಾಗಾಗಿ ನೋಂಬಿಲ್ಲದ ನಾವು ಅವರ ಅರ್ಧ ಉಳಿದ ಜಾಯಿಂಟುಗಳನ್ನು ಮುಗಿಸಿ, ಅವರದೇ ಲೆಕ್ಕಕ್ಕೆ ಬರೆದು ಇಡುತ್ತಿದ್ದೆವು. ದೀಪಾವಳಿಗೋ ಓಣಂಗೋ ನಾವು ರಜೆ ಹಾಕಿದರೆ ಅವರು ನಮಗೆ ಮಾಡುತ್ತಿದ್ದರು. ಇದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ನನಗೆ ಈಗಲೂ ಹಾಗೆ ಅನಿಸುವುದಿಲ್ಲ. ಮೋಸ ನಾನು ಮಾಡಿದ್ದು ಆಮೇಲೆ.

ಸಂಜೆ ನೋಂಬು ಬಿಡುವ ಹೊತ್ತಿಗೆ ಅವರ ಚಾಪೆಯ ಮೇಲೆ ನನಗೂ ಜಾಗ ಇರುತ್ತಿತ್ತು. ಖರ್ಜೂರ, ಸಮೋಸ, ಗಂಜಿ.

"ವಾಮನಣ್ಣನಿಗೆ ನೋಂಬು ಒಂದು ಇಲ್ಲ, ಬಾಂಗ್ ಕೊಡುವ ಮೊದಲು ಚಾಪೆಯಲ್ಲಿ ಕೂರುವುದರಲ್ಲಿ ಇವರೇ ಫಸ್ಟು" ಎಂದು ಅವನು ಎಲ್ಲರ ಮುಂದೆ ಹಂಗಿಸುವನು.

"ನಿನ್ನ ಕೆಲಸ ಮಾಡಿದವನಿಗೆ ಸಮೋಸ ಹಕ್ಕು ಮಾರಾಯ" ಎನ್ನುವೆ ನಾನು.

"ಹಕ್ಕಿಲ್ಲ ಅಂದದ್ದು ಯಾರು? ಕಿಮಾದ್ದು ಮುಟ್ಟಬೇಡಿ, ನಾಳೆ ಅತ್ತಿಗೆ ಫೋನಿನಲ್ಲಿ ನನ್ನನ್ನು ಕೇಳಿಯಾರು."

ಎಲ್ಲರೂ ನಗುತ್ತಿದ್ದರು. ಇದನ್ನು ಯಾಕೆ ಬರೆದೆ? ನಾವು ಶತ್ರುಗಳಾಗಿರಲಿಲ್ಲ ಎಂದು ತಿಳಿಯಲಿ ಎಂದು. ಶತ್ರುವಿಗೆ ಮಾಡಿದ್ದರೆ ಇಷ್ಟು ವರ್ಷ ಹೀಗೆ...

ಆ ರೂಢಿಯಲ್ಲಿ ಒಂದು ಎಲ್ಲೆ ಇತ್ತು. ಸಾದಾ ಜಾಯಿಂಟುಗಳನ್ನು ಯಾರು ಯಾರಿಗಾಗಿ ಬೇಕಾದರೂ ಮಾಡಬಹುದು. ಕಿವಿಯನ್ನು ಮಾತ್ರ ನಂಬರ್ ಇದ್ದವನೇ ಬೆಸೆಯಬೇಕು. ನಾನು ಆಗ ಫೋರ್‌ಮನ್ ಆಗಿದ್ದೆ. ಹಿಂದೆ ಕಿವಿ ಬೆಸೆದವನೇ, ಆದರೆ ಫೋರ್‌ಮನ್ ಆದ ಮೇಲೆ ಪರೀಕ್ಷೆಗೆ ಮತ್ತೆ ಕೂರದೆ ನನ್ನ ಅನುಮತಿ ಮುಗಿದುಹೋಗಿತ್ತು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ನನ್ನ ಕೈ ಕೆಳಗಿನವನಿಗೆ ನಂಬರ್ ಇದೆ, ನನಗಿಲ್ಲ.

ಆ ದಿನ ಒಂದು ಕಂಟೇನರಿನಲ್ಲಿ ಕೊನೆಯ ಒಂದು ಕಿವಿ ಉಳಿದಿತ್ತು. ಭಾರ ಎತ್ತಿ ನೋಡುವ ಪರೀಕ್ಷೆಗೆ ಕ್ರೇನ್ ಹೇಳಿಯಾಗಿತ್ತು. ಅವನಿಗೆ ಜ್ವರದ ಹಾಗಿತ್ತು, ತುಟಿ ಒಡೆದಿತ್ತು. ಹೊರಡುವಾಗ ಹೇಳಿದ: "ಇದೊಂದು ಇರಲಿ ವಾಮನಣ್ಣ, ನಾಳೆ ಬೆಳಿಗ್ಗೆ ಬೇಗ ಬಂದು ನಾನೇ ಮುಗಿಸ್ತೇನೆ."

"ನೀನು ಹುಟ್ಟಾ ಕಿವಿ ಬೆಸೆದವನಾ? ನಿನಗಿಂತ ಮೊದಲು ಮಾಡಿದವ ನಾನು. ಅಚ್ಚು ಕೊಡು ಇಲ್ಲಿ."

ಅವನು ಅನುಮಾನಿಸಿದ. ಅದನ್ನು ನಾನು ಕಂಡೆ — ಕಂಡೂ ಕೈ ಚಾಚಿಯೇ ನಿಂತೆ. ಜೇಬಿನಿಂದ ಅಚ್ಚು ತೆಗೆದು ಕೊಟ್ಟ. ಫೋರ್‌ಮನ್ ಕೇಳುವಾಗ ಇಲ್ಲ ಎನ್ನುವುದು ಹೇಗೆ? ಅದಕ್ಕಿಂತ ಹೆಚ್ಚು, ಒಂದೇ ಕೋಣೆಯವನಿಗೆ ನಿನ್ನ ಮೇಲೆ ನಂಬಿಕೆ ಇಲ್ಲ ಎನ್ನುವುದು ಹೇಗೆ?

ದಪ್ಪ ಕಬ್ಬಿಣವನ್ನು ಬೆಸೆಯುವ ಮೊದಲು ಗ್ಯಾಸಿನ ಉರಿಯಲ್ಲಿ ಚೆನ್ನಾಗಿ ಕಾಯಿಸಬೇಕು. ಒಳಗಿನ ತೇವ ಹೋಗಬೇಕು, ಬೆಸುಗೆ ನಿಧಾನವಾಗಿ ಆರಬೇಕು. ಇಲ್ಲದಿದ್ದರೆ ಮೇಲೆ ಚಂದವಾಗಿ ಕಂಡರೂ ಆಮೇಲೆ ಒಳಗಿನಿಂದ ಸೀಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಗ್ಯಾಸ್ ಸಿಲಿಂಡರ್ ಯಾರ್ಡಿನ ಆ ಕೊನೆಗೆ ಇತ್ತು. ಕಬ್ಬಿಣದ ಮೇಲೆ ಕೈ ಇಟ್ಟೆ, ಚುರ್ರೆಂದಿತು. ಒಮಾನಿನ ಬಿಸಿಲು ಇಷ್ಟು ಕಾಯಿಸಿಟ್ಟಿರುವಾಗ ಇನ್ನು ಉರಿ ಯಾಕೆ ಎಂದುಕೊಂಡೆ. ಬಿಸಿಲಿನ ಬಿಸಿ ಅಂಗೈಗೆ ಬಿಸಿ, ಕಬ್ಬಿಣಕ್ಕೆ ಅದು ಏನೂ ಅಲ್ಲ — ಹೊಸಬರಿಗೆ ನಾನೇ ಬಯ್ದು ಹೇಳಿಕೊಡುತ್ತಿದ್ದ ಪಾಠ ಇದು. ಆ ಮಧ್ಯಾಹ್ನ ಮರೆತೆನೇ? ಮರೆಯಲಿಲ್ಲ. ನಡೆಯಲು ಸೋಮಾರಿತನವಾಯಿತು, ಅಷ್ಟೇ. ಬೆಸೆದೆ. ನೋಡಲು ಚಂದವಾಗಿಯೇ ಇತ್ತು. ಪಕ್ಕದಲ್ಲಿ ಹದಿನೇಳು ಎಂದು ಹೊಡೆದೆ.

ಭಾರ ಎತ್ತುವ ಪರೀಕ್ಷೆ ಮುಗಿದ ಮೇಲೆ ತಪಾಸಣೆಯವನು ಬಂದ. ಕಿವಿಗಳಿಗೆ ಬಿಳಿ ಬಣ್ಣ ಬಳಿದು, ಅಯಸ್ಕಾಂತ ಇಟ್ಟು, ಕಪ್ಪು ಶಾಯಿ ಚಿಮುಕಿಸುತ್ತಾರೆ. ಬಿರುಕು ಇದ್ದರೆ ಶಾಯಿ ಅಲ್ಲಿ ಸೇರಿ ಗೆರೆಯಾಗುತ್ತದೆ. ಮೂರು ಕಿವಿಗಳು ಬಿಳಿಯಾಗಿಯೇ ಉಳಿದವು. ನಾಲ್ಕನೆಯದರ ಬುಡದಲ್ಲಿ ಕೂದಲಿನಂಥ ಒಂದು ಕಪ್ಪು ಗೆರೆ ನಿಧಾನವಾಗಿ ಮೂಡಿತು. ಕಂಟೇನರ್ ಕೊಳ್ಳುವವರ ಕಡೆಯ ಎಂಜಿನಿಯರ್ ಅಲ್ಲೇ ನಿಂತಿದ್ದ. ಅವನು ನಮ್ಮ ಮ್ಯಾನೇಜರಿನ ಮುಖ ನೋಡಿದ.

ಮ್ಯಾನೇಜರ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. ನೋಂಬಿನ ಬಾಯಿ ಒಣಗಿ ಅವನು ಎಂಜಲು ನುಂಗುವುದು ನನಗೆ ಕಾಣುತ್ತಿತ್ತು.

"ವಾಮನ್, ಯೇ ಕಿಸ್ನೆ ಕಿಯಾ?" ಎಂದು ಕೇಳಿದ ಮ್ಯಾನೇಜರ್. ಇದನ್ನು ಮಾಡಿದ್ದು ಯಾರು ಎಂದು. ಕೇಳಿದ್ದು ನನ್ನನ್ನು, ಅವನನ್ನಲ್ಲ.

ಅವನು ನನ್ನ ಕಡೆ ನೋಡಿದ. ಬೇಡುವ ನೋಟ ಅಲ್ಲ, ಬೆದರಿಸುವ ನೋಟವೂ ಅಲ್ಲ. ಕಾಯುವ ನೋಟ. ಬಸ್ಸಿನಲ್ಲಿ ಪಕ್ಕದವನು ಟಿಕೆಟ್ ತೆಗೆಯುತ್ತಾನೆ ಎಂದು ಸುಮ್ಮನೆ ಕೂತವನ ಹಾಗೆ.

ನಾನು ಹೇಳಿದೆ: "ನಂಬರ್ ಹೊಡೆದುಂಟಲ್ಲ ಸಾರ್."

ಇಷ್ಟೇ. ಇದರಲ್ಲಿ ಸುಳ್ಳು ಎಲ್ಲಿದೆ, ಹೇಳಿ? ಬಹಳ ಕಾಲ ನಾನು ಇದನ್ನೇ ಹಿಡಿದುಕೊಂಡು ನಿದ್ದೆ ಮಾಡಿದೆ. ನಾನು ಅವನ ಹೆಸರು ಹೇಳಲಿಲ್ಲ, ಅವನು ಮಾಡಿದ ಎನ್ನಲಿಲ್ಲ...

ಮ್ಯಾನೇಜರ್ ಅವನ ಕಡೆ ತಿರುಗಿದ. ಅವನು "ಹೌದು ಸಾರ್, ನಂಬರ್ ನನ್ನದೇ" ಎಂದ. ಅವನೂ ಸುಳ್ಳು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅವನು? ಅಚ್ಚು ಕೊಟ್ಟದ್ದು ತನ್ನ ತಪ್ಪು ಎಂದುಕೊಂಡನೇ? ಹೇಳಿದರೆ ರೂಢಿ ಬಯಲಾಗಿ ನೋಂಬು ಹಿಡಿದ ಉಳಿದವರಿಗೂ ತೊಂದರೆ ಎಂದೇ? ಅಥವಾ ನಾನು ಹೇಳುವೆ ಎಂದು ಕೊನೆಯವರೆಗೂ ಕಾದನೇ? ಕೇಳಬಹುದಿತ್ತು. ಕೇಳಬೇಕಾದರೆ ಮೊದಲು ನಾನು ಒಪ್ಪಿಕೊಳ್ಳಬೇಕಿತ್ತು.

ಅವನು ಹಿಂದೆ ಬೆಸೆದ ಕಿವಿಗಳನ್ನೆಲ್ಲ ಮತ್ತೆ ಉಜ್ಜಿ ಪರೀಕ್ಷಿಸಿದರು. ಒಂದರಲ್ಲೂ ಗೆರೆ ಮೂಡಲಿಲ್ಲ. ಆದರೂ ಕೊಳ್ಳುವವರು ಹದಿನೇಳು ನಂಬರಿನವನು ತಮ್ಮ ಕೆಲಸ ಮುಟ್ಟಬಾರದು ಎಂದರು. ನಮ್ಮ ಯಾರ್ಡಿಗೆ ಇದ್ದದ್ದೇ ಅವರ ಕೆಲಸ. "ಖಲಾಸ್" ಎಂದ ಮ್ಯಾನೇಜರ್. ಬೇರೆ ಕಂಪನಿಗೆ ಸೇರಲು, ವೀಸಾ ಕೊಟ್ಟ ಯಜಮಾನ ಕಫೀಲ್ ಒಪ್ಪಿಗೆ ಕೊಡಲಿಲ್ಲ. ಹಬ್ಬಕ್ಕೆ ಮುಂಚೆ ಅವನ ವೀಸಾ ರದ್ದಾಯಿತು.

ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದು ನಾನೇ. ದಾರಿಯುದ್ದಕ್ಕೂ ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆ. ಒಳಗೆ ಹೋಗುವ ಮೊದಲು ಅವನು ನನ್ನ ಕೈ ಹಿಡಿದುಕೊಂಡ.

"ಉಳಿದವರಿಗೆ ನೋಂಬು ಮುಗಿಯುವವರೆಗೆ ಮಾಡಿ ಕೊಡಿ ವಾಮನಣ್ಣ. ಅದನ್ನು ಬಿಡಬೇಡಿ. ಆದರೆ ಕಾಯಿಸಿ ಮಾಡಿ ಮಾರಾಯ್ರೆ, ಬಿಸಿಲು ನಂಬಬೇಡಿ."

ಅವನಿಗೆ ಎಲ್ಲ ಗೊತ್ತಿತ್ತು. ಗೆರೆ ನೋಡಿದ ಕೂಡಲೇ ಗೊತ್ತಾಗಿತ್ತು. ನಾನು "ಆಯ್ತು" ಎಂದೆ. ಆಯ್ತು ಎಂದೆ, ಅಷ್ಟೇ.

ಇಲ್ಲಿಗೆ ಮುಗಿದಿದ್ದರೆ ನಾನು ಹೇಡಿ ಎಂದು ಹೇಳಿ ಮುಗಿಸಬಹುದಿತ್ತು. ಮುಗಿಯಲಿಲ್ಲ. ಕೆಲವು ತಿಂಗಳ ನಂತರ ಹೊಸದಾಗಿ ಬಂದ ಒಬ್ಬ ಬಂಗಾಳಿ ಹುಡುಗನ ಬೆಸುಗೆ ಸೊಟ್ಟಗಾಗಿತ್ತು. ಮ್ಯಾನೇಜರ್ ಪಕ್ಕದಲ್ಲೇ ಇದ್ದ. ನನ್ನ ಬಾಯಿಂದ ಬಂತು: "ಏ, ಸತ್ರಾ ನಂಬರ್ ಕಾಮ್ ಮತ್ ಕರ್." ಹದಿನೇಳು ನಂಬರಿನ ಕೆಲಸ ಮಾಡಬೇಡ. ಮ್ಯಾನೇಜರ್ ನಕ್ಕ. ಎಲ್ಲರೂ ನಕ್ಕರು. ಯಾಕೆ ಹಾಗೆಂದೆ? ಯಾರಿಗಾದರೂ ಅನುಮಾನ ಇದ್ದರೆ ಅದನ್ನು ಒರೆಸಿಹಾಕಲೇ? ಇರಬೇಕು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಆ ಮಾತು ಯಾರ್ಡಿನಲ್ಲಿ ನಿಂತುಬಿಟ್ಟಿತು. ಸೊಟ್ಟ ಬೆಸುಗೆ ಸತ್ರಾ ನಂಬರ್. ಉಪ್ಪು ಜಾಸ್ತಿಯಾದ ದಾಲ್ ಸತ್ರಾ ನಂಬರ್. ಸ್ಟಾರ್ಟ್ ಆಗದ ಗಾಡಿ ಸತ್ರಾ ನಂಬರ್. ಅವನನ್ನು ಕಣ್ಣಿಂದಲೂ ನೋಡದ ಪಾಕಿಸ್ತಾನಿಗಳು, ಬಂಗಾಳಿಗಳು, ನೇಪಾಳಿಗಳು ಅದನ್ನೇ ಹೇಳಿದರು. ಒಮ್ಮೆ ಮಸ್ಕತ್ತಿನ ರೂವಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಗುರುತಿಲ್ಲದ ಇಬ್ಬರು ಪಕ್ಕದ ಮೇಜಿನಲ್ಲಿ ಯಾವುದೋ ಪ್ಲಂಬರನನ್ನು ಬಯ್ಯುತ್ತಾ ಹಾಗೆಂದರು. ಆ ಮಾತು ನಮ್ಮ ಯಾರ್ಡಿನ ಗೇಟು ದಾಟಿ ಹೋಗಿತ್ತು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಮುಂದೆ ಒಂದು ರಜೆಯಲ್ಲಿ ಧೈರ್ಯ ಮಾಡಿ ಅವನ ಊರಿಗೆ ಹೋದೆ. ಭಾವನ ತರಕಾರಿ ಅಂಗಡಿಯಲ್ಲಿ ಕೂರುತ್ತಿದ್ದ. ವೆಲ್ಡಿಂಗ್ ಬಿಟ್ಟಿದ್ದ. "ಕಣ್ಣು ಸರಿ ಇಲ್ಲ ಅಂತ ಬಿಟ್ಟೆ" ಎಂದ. ಕನ್ನಡಕ ಇಲ್ಲದೆಯೇ ಅಷ್ಟು ದೂರದಿಂದ ನನ್ನ ಗುರುತು ಹಿಡಿದವನು. ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಶರಬತ್ತಿನ ಲೋಟ ಇಟ್ಟು, "ನಿಮ್ಮ ಬಗ್ಗೆ ಇವರು ತುಂಬಾ ಹೇಳ್ತಾರೆ. ನೋಂಬಿನಲ್ಲಿ ಇವರ ಕೆಲಸ ನೀವೇ ಮಾಡಿ ಕೊಡ್ತಿದ್ರಂತೆ" ಎಂದಳು. ಅಷ್ಟನ್ನು ಮಾತ್ರ ಅವನು ಮನೆಯಲ್ಲಿ ಹೇಳಿದ್ದ.

ಲೋಟ ಹಿಡಿದು ಕೂತಿದ್ದೆ. ಈಗ ಹೇಳಬೇಕು, ಅವಳು ಒಳಗೆ ಹೋಗಲಿ, ಈಗ...

ಅವನೇ ಕೇಳಿದ. "ನನ್ನ ನಂಬರ್ ಈಗ ಯಾರಿಗೆ ಕೊಟ್ಟರು?"

"ಯಾರಿಗೂ ಕೊಡಲಿಲ್ಲ" ಎಂದೆ. ಅದು ನಿಜ. ಆ ನಂಬರ್ ಕೊಟ್ಟರೆ ಯಾವ ವೆಲ್ಡರೂ ತೆಗೆದುಕೊಳ್ಳುತ್ತಿರಲಿಲ್ಲ.

ಅವನ ಮುಖ ಅರಳಿತು. "ಹೌದಾ? ಹಾಗೇ ಇಟ್ಟಿದ್ದಾರಾ?" ಎಂದು ಒಳಗೆ ತಿರುಗಿ ಹೆಂಡತಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಅವಳೂ ನಕ್ಕಳು. ತನ್ನ ಮೇಲಿನ ಮರ್ಯಾದೆಗೆ ಆ ನಂಬರನ್ನು ಬೇರೆ ಯಾರಿಗೂ ಕೊಡದೆ ಇಟ್ಟಿದ್ದಾರೆ ಎಂದು ಅವನು ತಿಳಿದ. ಇಷ್ಟು ವರ್ಷಗಳ ಮೇಲೆ ಯಾರೋ ಒಬ್ಬರು ತನ್ನನ್ನು ನಂಬಿದರು ಎಂದು. ನಾನು ಶರಬತ್ತು ಕುಡಿದೆ. ಊಟ ಮಾಡಿ ಹೋಗಿ ಎಂದು ಒತ್ತಾಯ ಮಾಡಿದರು. ಊಟವನ್ನೂ ಮಾಡಿದೆ. ಆ ಆಫೀಸಿನಲ್ಲಿ ಆಡಿದ ಮಾತಿಗಿಂತ ಈ ಊಟ ನನ್ನನ್ನು ಹೆಚ್ಚು ಸುಡುತ್ತದೆ. ಅಲ್ಲಿ ಹೆದರಿದ್ದೆ. ಇಲ್ಲಿ ಹೆದರಲು ಏನಿತ್ತು?

ರೂವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಅವನ ಊರಿನ ಕಡೆಯ ಬ್ಯಾರಿಯೊಬ್ಬರು ಈ ವರ್ಷ ಒಂದು ದಿನ ಮೀಟರ್ ಕೋಲಿನಿಂದ ಬಟ್ಟೆ ಅಳೆಯುತ್ತಲೇ ಹೇಳಿದರು: "ನಿಮ್ಮ ಜೊತೆ ಇದ್ದವ ತೀರಿಕೊಂಡ, ಗೊತ್ತಾಯ್ತಾ? ಹಾರ್ಟು." ಗೊತ್ತಾಗಿರಲಿಲ್ಲ. ಬಟ್ಟೆ ಕಟ್ಟಿಸಿಕೊಂಡು ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಯಾವ ಬಸ್ಸು ಬಂದರೂ ಹತ್ತಲಾಗಲಿಲ್ಲ.

ಮಗಳಿಗೆ ಹೇಳಿದೆ. "ಅಪ್ಪ, ಆದದ್ದು ಆಯ್ತು. ಬಿ.ಪಿ. ಜಾಸ್ತಿ ಮಾಡ್ಕೊಳ್ಬೇಡಿ" ಎಂದಳು. ಕೊನೆಗೆ ಅಳಿಯನ ಕಾರಿನಲ್ಲಿ ಸೀಬ್‌ನ ಆ ಯಾರ್ಡಿಗೆ ಹೋದೆ. ಸತ್ತವನಿಗೆ ಹೇಳಲಾಗದಿದ್ದರೂ ಆ ಮಾತನ್ನಾದರೂ ಹಿಂದಕ್ಕೆ ತೆಗೆದುಕೊಳ್ಳೋಣ ಎಂದು. ಈಗಿನ ಫೋರ್‌ಮನ್ ಒಬ್ಬ ಪಂಜಾಬಿ ಪಾಕಿಸ್ತಾನಿ. ನನ್ನ ಕೈಯಲ್ಲೇ ಕಲಿತವನು. ಚಹಾದ ಹೊತ್ತಿನಲ್ಲಿ ವೆಲ್ಡರುಗಳೆಲ್ಲ ನೆರಳಿಗೆ ಬಂದಾಗ ನಿಂತುಕೊಂಡೇ ಹೇಳಿದೆ. ಸತ್ರಾ ನಂಬರಿನ ಆ ಬೆಸುಗೆ ಅವನದಲ್ಲ, ನನ್ನದು. ಅಚ್ಚು ಅವನದು, ಕೈ ನನ್ನದು. ಕಾಯಿಸದೆ ಬೆಸೆದವನು ನಾನು. ಹಿಂದಿಯಲ್ಲಿ, ತಪ್ಪು ತಪ್ಪಾಗಿ, ಆದರೆ ಒಂದನ್ನೂ ಬಿಡದೆ ಹೇಳಿದೆ.

ಆಮೇಲೆ ಫೋರ್‌ಮನ್ ಎದ್ದು ಬಂದು ನನ್ನನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಚಾಚಾ, ಆಪ್ ಫರಿಶ್ತಾ ಹೋ" ಎಂದ. ನೀವು ದೇವದೂತರು ಎಂದು. ಹುಡುಗರ ಕಡೆ ತಿರುಗಿ ಹೇಳಿದ: "ನೋಡ್ರೋ, ದೋಸ್ತಿ ಅಂದರೆ ಇದು. ಸತ್ತ ಗೆಳೆಯನ ಕಳಂಕವನ್ನೂ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ."

"ಇಲ್ಲ, ನಿಜವಾಗಿಯೂ ನಾನೇ" ಎಂದೆ. ಇನ್ನೊಂದು ಸಲ ಎಂದೆ. ಹೇಳಿದಷ್ಟೂ ಅವರು ತಲೆದೂಗಿದರು. ನನ್ನ ಕೈಯ ಬೆಸುಗೆ ಸೀಳುವುದುಂಟೇ ಎಂದು ಒಬ್ಬ ಕೇಳಿದ. ಕೈಗೆ ಚಹಾ ಕೊಟ್ಟರು, ಕುರ್ಚಿ ಕೊಟ್ಟರು. ಬಾಯಿ ಬಿಟ್ಟು ನಿಜ ಹೇಳಿದ್ದಕ್ಕೂ ನನಗೆ ಮರ್ಯಾದೆಯೇ ಸಿಕ್ಕಿತು. ಕಳಂಕ ಅವನಲ್ಲೇ ಉಳಿಯಿತು. ಕಾರಿನ ಕಡೆ ನಡೆಯುವಾಗ ಹಿಂದಿನಿಂದ ಗ್ರೈಂಡರಿನ ಸದ್ದಿನ ನಡುವೆ ಯಾರೋ ಯಾರಿಗೋ ಕೂಗುತ್ತಿದ್ದರು: "ಅರೇ, ಸತ್ರಾ ನಂಬರ್ ಮತ್ ಕರ್ ಯಾರ್!"

ಇನ್ನು ನನ್ನಿಂದ ಆಗುವುದು ಏನೂ ಇಲ್ಲ. ಅವನ ಹೆಂಡತಿಗೆ ಹೇಳಬೇಕೇ? ಆ ನಂಬರನ್ನು ಹಾಗೇ ಇಟ್ಟಿದ್ದಾರೆ ಎಂಬ ಸಂತೋಷ ಒಂದು ಅವಳ ಬಳಿ ಉಳಿದಿದೆ. ಅದನ್ನೂ ಕಿತ್ತುಕೊಂಡು ನನ್ನ ಎದೆ ಹಗುರ ಮಾಡಿಕೊಳ್ಳುವುದು... ಹೇಳದಿರುವುದೂ ತಪ್ಪೇ. ಎರಡರಲ್ಲಿ ಯಾವುದು ಸಣ್ಣದು ಎಂದು ತಿಳಿಯುವಷ್ಟು ಬುದ್ಧಿ ನನಗಿಲ್ಲ. ಮಾಡಿದ ತಪ್ಪಿಗೆ ಎಲ್ಲೋ ಒಂದು ಬಾಗಿಲು ಇರುತ್ತದೆ ಎಂದು ಎಣಿಸಿದ್ದೆ. ಈ ಪೆಟ್ಟಿಗೆಗೆ ಬಾಗಿಲು ಇಡದೆ ನಾಲ್ಕೂ ಕಡೆ ಬೆಸೆದವನು ನಾನೇ.

ನೀವು ಕರಾವಳಿಯವರಾಗಿದ್ದರೆ, ಗಲ್ಫಿನಲ್ಲಿ ಎಲ್ಲಿಯಾದರೂ ಯಾರಾದರೂ ಕೆಟ್ಟ ಕೆಲಸಕ್ಕೆ ಸತ್ರಾ ನಂಬರ್ ಎನ್ನುವುದು ಕಿವಿಗೆ ಬಿದ್ದರೆ, ನಗಬೇಡಿ. ಆ ನಂಬರಿನವನು ಬಿಸಿಲನ್ನು ನಂಬಿ ಒಂದು ಬೆಸುಗೆಯನ್ನೂ ಹಾಕಿದವನಲ್ಲ. ಅವನಿಗೆ ಒಂದು ಹೆಸರಿತ್ತು. ನಾನು ಒಮ್ಮೆಯೂ ಕ್ಷಮೆ ಕೇಳದವನ ಹೆಸರು ಅಬ್ದುಲ್ ಹಮೀದ್.